ಮೊದಲು ಕೈ ಇಳಿಸದ ಕರಡಿ

ಒರ್ಲಾಂಡೊದ ಥೀಮ್ ಪಾರ್ಕಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಕರಡಿ ವೇಷ ತೊಡುವವಳು ಯೆಸೇನಿಯಾ. ಅಪ್ಪಿಕೊಂಡ ಮಗು ತಾನಾಗಿ ಬಿಡುವ ತನಕ ಕರಡಿ ಬಿಡಬಾರದು ಎಂಬುದು ಅಲ್ಲಿಯ ಹಳೆಯ ಕಟ್ಟಳೆ. ಕೊರೊನಾ ಬಂದು ಅಪ್ಪುಗೆ ನಿಂತಿತು. ಹಗ್ಗದಾಚೆ ನಿಂತು ಕೈಬೀಸುವುದಷ್ಟೇ ಉಳಿಯಿತು. ಈಗ ಮಕ್ಕಳು ಕೈ ಇಳಿಸುವ ತನಕ ಇವಳೂ ಇಳಿಸುವುದಿಲ್ಲ. ಪ್ಯಾನ್‌ಕೇಕ್ ಮುಗಿದು ಮೇಜು ಒರೆಸಿದ ಮೇಲೂ, ಬಾಗಿಲ ಬಳಿ ಅಪ್ಪನ ಹೆಗಲ ಮೇಲಿಂದ ಕೈಬೀಸುವ ಮಗುವೊಂದು ಇದ್ದೇ ಇರುತ್ತದೆ. “ಸಾಕು ಬಾರೇ, ಆ ತಲೆಯೊಳಗೆ ಬೆಂದುಹೋಗ್ತೀಯ! ನಿನ್ನ ಕೈಯೇನು ಫ್ಯಾನ್ ರೆಕ್ಕೇನಾ?” ಎಂದು ಜೊತೆಗಾತಿ ಥೆಲ್ಮಾ ರೇಗುತ್ತಾಳೆ. ಮಾತಾಡಬಾರದ ಕರಡಿ ತಲೆಯಾಡಿಸುತ್ತದೆ, ಕೈ ಮಾತ್ರ ನಿಲ್ಲಿಸುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಯೆಸೇನಿಯಾಳ ಅಮ್ಮ ಕೊನೆಯ ಸಲ ಫೋನಿನಲ್ಲಿ ಕಾಣಿಸಿಕೊಂಡು ಕೈಬೀಸಿದ್ದಳು. “ಮಗು ಅಳ್ತಿದೆ, ನಾಳೆ ಮಾಡ್ತೀನಮ್ಮ” ಎಂದು ತನ್ನ ಕೂಸನ್ನು ಎತ್ತಿಕೊಳ್ಳಲು ಫೋನ್ ಇಟ್ಟವಳು ಯೆಸೇನಿಯಾ. ಅಮ್ಮ ಇನ್ನೂ ಕೈ ಇಳಿಸಿರಲಿಲ್ಲ.