ಹಂಪಿಯ ಹಿಂಬಾಗಿಲಲ್ಲಿ ಹಾಲು

ಹಂಪಿಗೆ ಬರುತ್ತೇನೆಂದು ಆಯಿ ಹಟ ಹಿಡಿದಾಗ ನನಗೆ ಸಿಟ್ಟೇ ಬಂತು. ಮೊಣಕಾಲು ನೋವೆಂದು ಬಸ್ ಸ್ಟಾಪಿಗೂ ಹೋಗದ ನನ್ನ ತಾಯಿಗೆ ಹಾಳೂರು ನೋಡುವ ಹುಚ್ಚು ಎಂತಕ್ಕೆ ಮಾರಾಯ್ರೆ? ನಮ್ಮ ತೋಡೂರು ಕಾಲನಿಯ ಹೆಂಗಸರು ಸೇರಿ ವ್ಯಾನ್ ಮಾಡಿದ್ದರು. ರಾಜರ ಊರು ಮಣ್ಣುಪಾಲಾದದ್ದನ್ನು ನಾನೂ ಒಮ್ಮೆ ನೋಡಬೇಕು ಅಂತ ಅವಳದ್ದು ಒಂದೇ ರಾಗ. ಅಂಕೋಲೆ ದಾಟಿ ಘಟ್ಟ ಹತ್ತುವಷ್ಟರಲ್ಲಿ ವಾಂತಿ ಶುರುವಾಯಿತು. ಬೈಯುತ್ತಲೇ ಬೆನ್ನು ತಿಕ್ಕಿದೆ.

ನಾವು ಕಾಲನಿಯಲ್ಲಿ ಹುಟ್ಟಿದವರಲ್ಲ. ನಮ್ಮ ಮನೆ ಇದ್ದದ್ದು ಚೆಂಡಿಯಾದ ಹತ್ತಿರ. ನೌಕಾನೆಲೆಯ ಯೋಜನೆ ಬಂತು, ಜಾಗ ಹೋಯಿತು, ಬೇಲಿ ಬಿತ್ತು. ಅಲ್ಲಿಂದ ಏಳುವಾಗ ಬಾಗಿಲು, ಹಂಚು, ತುಳಸಿಗಿಡ ಎಲ್ಲ ಹೊತ್ತು ತಂದೆವು. ಬಿಟ್ಟು ಬಂದದ್ದು ನನ್ನ ಅಣ್ಣನನ್ನು. ಹೆಸರಿಡುವ ಮೊದಲೇ ಹೋದ ಕೂಸು ಅವನು. ಅಂಥ ಕೂಸುಗಳನ್ನು ನಮ್ಮಲ್ಲಿ ಸುಡುವುದಿಲ್ಲ, ಹಿತ್ತಲ ತೆಂಗಿನ ಬುಡದಲ್ಲಿ ಹೂಳುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹೆತ್ತವಳು ಅಲ್ಲಿ ಹಾಲು ಎರೆಯಬೇಕು, ಇಲ್ಲದಿದ್ದರೆ ಕೂಸು ಹಸಿದು ಅಳುತ್ತದೆ ಅಂತ ನಂಬಿಕೆ. ಕೂಸನ್ನು ತೆಗೆದು ತರಲೆಂದು ಹೂಳಿದ ಮಣ್ಣು ಕೆದಕಬೇಡಿ, ಬೇಲಿ ಹಾಕಿದವರಿಗೂ ಮಕ್ಕಳಿಲ್ಲವೇ, ಅಮಾವಾಸ್ಯೆಯ ದಿನ ಒಳಗೆ ಬಿಟ್ಟೇ ಬಿಡುತ್ತಾರೆ ಎಂದರು ಕೇರಿಯ ಹಿರಿಯರು. ಎಲ್ಲರೂ ನಂಬಿದೆವು, ದಡ್ಡರು. ಪ್ರತಿ ವರ್ಷ ಆಯಿ ಹಾಲು ಹಿಡಿದು ಗೇಟಿನವರೆಗೆ ಹೋಗುತ್ತಿದ್ದಳು. ಕಾವಲಿನವರು ಹಿಂದಿಯಲ್ಲಿ ಏನೋ ಹೇಳುತ್ತಿದ್ದರು. ತಿರುಗಿ ಬರುತ್ತಿದ್ದಳು.

ಹಂಪಿಯಲ್ಲಿ ಗೈಡ್ ಅರಮನೆ ಇದ್ದ ಜಾಗ, ಆನೆಲಾಯ ಎಲ್ಲ ತೋರಿಸಿದ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಒಂದು ಕಡೆ ಬರೀ ಪಾಯಗಳು, ಮೊಣಕಾಲೆತ್ತರದ ಕಲ್ಲುಗೋಡೆಗಳು. ಇಲ್ಲಿ ಮನೆಗಳಿದ್ದವು ಎಂದ. ಆಯಿ ಗೋಡೆ ಹಿಡಿದು ಸುತ್ತಿದಳು. ಇದು ಅಡುಗೆಮನೆ, ಇದು ಹಿಂಬಾಗಿಲು ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ, ಇಲ್ಲಿಯವರು ಸತ್ತ ಕೂಸುಗಳನ್ನು ಎಲ್ಲಿ ಹೂಳುತ್ತಿದ್ದರು ಎಂದು ಗೈಡನನ್ನು ಕೇಳಿದಳು. ಪಾಪ, ಅವನಿಗೆ ಎಲ್ಲಿಂದ ಗೊತ್ತಿರಬೇಕು.

ನನಗೆ ಹೊಟ್ಟೆ ಉರಿಯಿತು. ಇಲ್ಲಿ ಯಾರದ್ದೋ ಹಾಳುಮನೆಯ ಕಲ್ಲುಗಳನ್ನು ಊರಿಗೆಲ್ಲ ತೋರಿಸಲು ಕಾಪಾಡಿ ಇಡುತ್ತಾರೆ. ನಮ್ಮ ಹಾಳುಮನೆ ನೋಡಲಿಕ್ಕೆ ನಮ್ಮನ್ನೇ ಬಿಡುವುದಿಲ್ಲ.

ಉಳಿದವರು ಮುಂದೆ ಹೋದರು. ಆಯಿ ಸೆರಗಿನ ಮರೆಯಿಂದ ಬಾಟಲಿ ತೆಗೆದಳು. ಬೆಳಿಗ್ಗೆ ಹೊಸಪೇಟೆಯ ಚಹಾದಂಗಡಿಯಲ್ಲಿ ಕೇಳಿ ತುಂಬಿಸಿಕೊಂಡ ಹಾಲು. ಆ ಹಿಂಬಾಗಿಲ ಆಚೆ ನೆಲಕ್ಕೆ ಕೂತು ನಿಧಾನಕ್ಕೆ ಎರೆದಳು. ಕಾವಲುಗಾರ ಓಡಿ ಬಂದು, ಪೂಜೆಗೀಜೆ ಇಲ್ಲಿ ನಡೆಯಲ್ಲ, ಏಳಿ ಎಂದ. ನಾನು ಹರಿಹಾಯ್ದೆ. ಇಷ್ಟು ವರ್ಷದ ಸಿಟ್ಟೆಲ್ಲ ಆ ಬಡಪಾಯಿಯ ತಲೆಗೆ ಬಿತ್ತು. ಆಯಿ ನನ್ನ ಕೈ ಹಿಡಿದೆಳೆದಳು.

"ಸುಮ್ಮನಿರೆ. ಇಲ್ಲೂ ಯಾರದ್ದೋ ಕೂಸು ಇರ್ತದೆ. ಇದಕ್ಕೆ ನಾನು ಎರೆದೆ. ನನ್ನ ಕೂಸಿಗೆ ಆ ಬೇಲಿ ಒಳಗಿದ್ದವರು ಯಾರಾದ್ರೂ ಎರೀಲಿ."

ಯಾರು ಎರೆಯುತ್ತಾರೆ? ತೆಂಗು ಕಡಿದು, ಹಿತ್ತಲು ಸಮ ಮಾಡಿ, ಮೇಲೆ ಕಾಂಕ್ರೀಟ್ ಹಾಕಿದ್ದಾರೆಂದು ಒಳಗೆ ಕೂಲಿಗೆ ಹೋಗುವ ನೆರೆಮನೆಯವಳು ನಮ್ಮಿಬ್ಬರ ಎದುರಿಗೇ ಹೇಳಿದ್ದಳು. ಆಯಿಗೂ ಗೊತ್ತು.

ಈ ವರ್ಷ ಅಮಾವಾಸ್ಯೆಗೆ, ಗೇಟಿನ ತನಕ ಹೋಗುವಾ ಬಾ ಎಂದು ನಾನೇ ಕರೆದೆ. ಯಾರೋ ಎರೆದಿರ್ತಾರೆ ಎಂದು ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.