ಕಾಲ್ಪೆಟ್ಟಿಗೆಯೊಳಗಿನ ಉಸಿರು

ಅಪ್ಪನ ಸಂಗೀತ ಕೇಳುವವರ ಲೆಕ್ಕದಲ್ಲಿ ನಾನು ಏಳು ವರ್ಷದವಳಿದ್ದಾಗಲೇ ಜ್ವರ ಬಂದು ಸತ್ತುಹೋಗಿದ್ದೇನೆ. ಈಗ ನನಗೆ ಮೂವತ್ತು ದಾಟಿದೆ. ಎರಡು ದವಡೆಹಲ್ಲು ಕೀಳಿಸಿಕೊಂಡಿದ್ದೇನೆ, ಬಾಯಿ ಜೋರು ಅನ್ನಿಸಿಕೊಂಡು ಒಂದು ಕಡೆ ಕೆಲಸವನ್ನೂ ಕಳೆದುಕೊಂಡಿದ್ದೇನೆ. ಸತ್ತವರಿಗೆ ಇಷ್ಟೆಲ್ಲ ಎಲ್ಲಿ ಪುರಸೊತ್ತು? ಆದರೂ ಒಮ್ಮೆ ಜನ ನಂಬಿದರೆಂದರೆ ಮುಗಿಯಿತು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಹೆಚ್ಚು. ನಾನು ಹೇಳಹೊರಟಿರುವುದು ಅಪ್ಪನ ವಿಷಯ. ನಾನು ಅದರಲ್ಲಿ ಬರುತ್ತೇನೆ, ಸತ್ತವಳಾಗಿ.

ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುವವರು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯೆಂದರೆ ಉದ್ದನೆಯ ಒಂದು ಕೋಣೆ: ಗೋಡೆಯಲ್ಲಿ ಸಾಲಾಗಿ ಅರಗಳು, ಮೂಲೆಯಲ್ಲಿ ಅಂಟು ಕಾಯಿಸುವ ಸ್ಟೌ, ನೆಲದಲ್ಲಿ ಚರ್ಮದ ಚೂರುಗಳು. ಮೇಲೆ ಅಮ್ಮ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಅವಳ ಮೆಷಿನ್ನಿನ ಸದ್ದು ನಿಂತರೆ ಊಟದ ಹೊತ್ತಾಯಿತೆಂದು ಅರ್ಥ. ನಾನು ಪೆಟ್ಟಿಗೆಗೆ ಗಾಳಿಯೂದುವ ತಿದಿಗಳಿಗೆ ಚರ್ಮ ಅಂಟಿಸುತ್ತೇನೆ, ಗಿರಾಕಿಗಳ ಜೊತೆ ಜಗಳವಾಡುತ್ತೇನೆ.

ಅಪ್ಪನದು ಮೊದಲೇ ಮಾತು ಕಮ್ಮಿ. ಕೆಲಸ ಮಾಡುವಾಗ ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುವುದರಿಂದ ಇನ್ನೂ ಕಮ್ಮಿ. ಆಗ ಯಾರೇನು ಕೇಳಿದರೂ ನಿಧಾನವಾಗಿ ಅಡ್ಡಡ್ಡ ತಲೆಯಾಡಿಸುತ್ತಾರೆ. ‘ತಾಳಿ, ಬಾಯಲ್ಲಿ ಸ್ಕ್ರೂ ಇದೆ’ ಎಂದಷ್ಟೇ ಅದರ ಅರ್ಥ. ಮನೆಯವರಿಗೆ ಇದು ಗೊತ್ತು. ಹೊರಗಿನವನೊಬ್ಬನಿಗೆ ಗೊತ್ತಿಲ್ಲದ್ದರಿಂದ ನಾನು ಸತ್ತೆ.

ಹಾರ್ಮೋನಿಯಮ್ಮಿನೊಳಗೆ ನಡುಗಿ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಗೆ ರೀಡು ಎನ್ನುತ್ತಾರೆ. ಅರದಿಂದ ಉಜ್ಜಿ ಶ್ರುತಿಗೆ ತಂದ ಕೂಡಲೇ ಅದು ನೆಂಟರ ಮುಂದಿನ ಮಗುವಿನಂತೆ ಸರಿಯಾಗಿ ನಡೆದುಕೊಳ್ಳುತ್ತದೆ. ನಂಬಬಾರದು ಎನ್ನುತ್ತಾರೆ ಅಪ್ಪ. ಬಹಳ ಹೊತ್ತು ಬಿಡದೆ ಹಾಡಿಸಿದರೆ ನಿಜಬಣ್ಣ ತಿಳಿಯುತ್ತದಂತೆ. ಅದಕ್ಕೆ ಹಳೇ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಹಿತ್ತಿಲಲ್ಲಿಟ್ಟು, ಕಿಟಕಿಯಿಂದ ಕೊಳವೆ ಎಳೆದು ತಿದಿಗೆ ಗಾಳಿ ಕೊಡುತ್ತಾರೆ. ಬೆರಳಿಡುವ ಮನೆಗಳಲ್ಲಿ ಎರಡು ಮೂರನ್ನು ಒತ್ತಿ ರಟ್ಟಿನ ಬೆಣೆ ಸಿಕ್ಕಿಸುತ್ತಾರೆ. ಪಕ್ಕದಲ್ಲಿ ಟೇಪ್ ರೆಕಾರ್ಡರ್ ಹಾಕಿ ಎದ್ದುಹೋಗುತ್ತಾರೆ. ಮಾರನೆಯ ದಿನ ಆ ಕ್ಯಾಸೆಟ್ಟನ್ನೂ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಒಟ್ಟಿಗೆ ಹಾಡಿಸಿ ಯಾವ ರೀಡು ಜಾರಿದೆ ಎಂದು ಕಂಡುಹಿಡಿಯುತ್ತಾರೆ. ಕೆಲಸ ಮುಗಿದ ಮೇಲೂ ಕ್ಯಾಸೆಟ್ಟುಗಳನ್ನು ಅವರು ಬಿಸಾಡಲಿಲ್ಲ. ಒಂದು ಕಪಾಟು ತುಂಬಿತು.

ಅವುಗಳಲ್ಲಿ ಕೇಳಲು ಏನೂ ಇಲ್ಲ. ಒಂದು ಸ್ವರ, ಅದರ ಪಕ್ಕ ಇನ್ನೊಂದು, ಎರಡರ ನಡುವೆ ನಿಧಾನವಾಗಿ ಏಳುವ ಬೀಳುವ ಅಲೆ. ಸ್ವಲ್ಪ ಹೊತ್ತಿಗೆ ಅದು ಇದೆಯೆಂಬುದೇ ಮರೆತುಹೋಗುತ್ತದೆ. ನಿಂತಾಗ ಮಾತ್ರ ಪಕ್ಕದಲ್ಲಿ ಕೂತಿದ್ದವರು ಯಾರೋ ಹೇಳದೆ ಎದ್ದುಹೋದಂತೆ ಅನ್ನಿಸುತ್ತದೆ. ಅಮ್ಮ ಅದಕ್ಕೆ ‘ಇವರ ಗುಂಯ್ ಗುಂಯ್’ ಎಂದು ಹೆಸರಿಟ್ಟಿದ್ದಳು. ನನಗೆ ಅದೆಂದರೆ ಪ್ರಾಣ. ಚಿಕ್ಕಂದಿನಲ್ಲಿ ಅದನ್ನು ಕೇಳುತ್ತ ನಾನು ಏನನ್ನೂ ಯೋಚಿಸುತ್ತಿರಲಿಲ್ಲ, ಅಂಥ ಸುಖ ಆಮೇಲೆ ಸಿಗಲಿಲ್ಲ.

ಹಳೇ ಕ್ಯಾಸೆಟ್ಟು ಹುಡುಕಿಕೊಂಡು ಒಬ್ಬ ಬಂದ. ಯಾವಾಗಲೂ ಉಣ್ಣೆ ಟೋಪಿ ಹಾಕಿರುತ್ತಿದ್ದ, ಹಾಗಾಗಿ ನಮ್ಮ ಬಾಯಲ್ಲಿ ಅವನು ಟೋಪಿ. ಆಮೇಲೆ ನಮಗೂ ಹಾಕಿದ, ಆ ಮಾತು ಬೇರೆ. ಆದರೆ ಮೊದಲ ದಿನ ಕಣ್ಣುಮುಚ್ಚಿ ಕೇಳಿದ್ದು ಸುಳ್ಳಲ್ಲ.

“ಸಾರ್, ಇದು ಆಂಬಿಯೆಂಟ್ ಮ್ಯೂಸಿಕ್, ಸುಮ್ನೆ ಸುತ್ತ ಹರಡ್ಕೊಂಡಿರೋ ಸಂಗೀತ. ಇಂಥದ್ದು ಮಾಡೋಕೆ ಜನ ಎಷ್ಟು ಒದ್ದಾಡ್ತಾರೆ ಗೊತ್ತಾ?”

“ಇದು ಶ್ರುತಿ ಪರೀಕ್ಷೆ ಕಣಪ್ಪ” ಎಂದರು ಅಪ್ಪ.

ಟೋಪಿ ಅವನ್ನು ಇಂಟರ್ನೆಟ್ಟಿಗೆ ಹಾಕಿದ. ‘ಹಾರ್ಮೋನಿಯಂ ಪರೀಕ್ಷೆ’ ಎಂದೇ ಹೆಸರು. ಕೇಳಿದವರು ಬೆರಳೆಣಿಕೆಯಷ್ಟು ಜನ. ಒಬ್ಬಳು ‘ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತೇನೆ, ಹಾಯೆನ್ನಿಸುತ್ತದೆ’ ಎಂದು ಬರೆದಳು. ಅಪ್ಪ ಅದನ್ನು ಅಮ್ಮನಿಂದ ಮೂರು ಸಲ ಓದಿಸಿದರು. ಆ ಸಂಗೀತದ ಬಗ್ಗೆ ಯಾರಾದರೂ ಬರೆದ ಪ್ರಾಮಾಣಿಕ ಮಾತು ಅದೊಂದೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಒಂದು ಕ್ಯಾಸೆಟ್ಟಿನಲ್ಲಿ ಸ್ವರಗಳ ಹಿಂದೆ ಉಸಿರಿನಂಥ ಸದ್ದಿತ್ತು. ಕಾಲಿನಿಂದ ತುಳಿದು ನುಡಿಸುವ ಕರಿ ಕಾಲ್ಪೆಟ್ಟಿಗೆಯ ಪರೀಕ್ಷೆ ಅದು. ಪೆಟ್ಟಿಗೆಯ ಯಜಮಾನರು ವಾಪಸು ಒಯ್ಯಲೇ ಇಲ್ಲ, ಅದಿನ್ನೂ ಅಂಗಡಿಯ ಮೂಲೆಯಲ್ಲೇ ಇದೆ. ಟೋಪಿ ಬಂದು ಕೇಳಿದ, “ಸಾರ್, ಈ ಉಸಿರು ಯಾರದ್ದು?”

“ಮಗಳದ್ದಿರಬೇಕು. ಆಗ ಅವಳಿಗೆ ವಿಪರೀತ ಜ್ವರ. ಇಲ್ಲೇ ಮಲಗಿಸ್ಕೊಂಡಿದ್ದೆ” ಎಂದು ಹೇಳಿ ಅಪ್ಪ ಸ್ಕ್ರೂಗಳನ್ನು ಬಾಯಿಗಿಟ್ಟುಕೊಂಡರು.

“ಆಮೇಲೆ?”

ಅಪ್ಪ ನಿಧಾನವಾಗಿ ಅಡ್ಡಡ್ಡ ತಲೆಯಾಡಿಸಿದರು. ಅಂಟಿನ ಹೊಗೆಗೆ ಅವರ ಕಣ್ಣಲ್ಲಿ ನೀರೂ ಬಂದಿತ್ತು. ಟೋಪಿ ಅವರ ಭುಜ ಮುಟ್ಟಿ ಸದ್ದಿಲ್ಲದೆ ಹೊರಟುಹೋದ. ಅವನು ಅಂಗಡಿಯ ಕೆಲಸದವಳೆಂದುಕೊಂಡಿದ್ದ ನಾನು ಎದುರಿಗೇ ಕೂತು ಚರ್ಮ ಕತ್ತರಿಸುತ್ತಿದ್ದೆ!

ಆ ವಾರ ಕ್ಯಾಸೆಟ್ಟಿನ ಹೆಸರು ‘ಮಗು ಮಲಗಿದೆ’ ಎಂದಾಯಿತು. ತೀರಿಹೋಗುವ ಮಗುವಿನ ಪಕ್ಕ ಕೂತು ತಂದೆ ನುಡಿಸಿದ್ದು ಎಂದು ಕೆಳಗೆ ಬರೆದಿತ್ತು. ಸುದ್ದಿಗೆ ರೆಕ್ಕೆಪುಕ್ಕ ಬಂತು. ಪಾತ್ರೆ ತೊಳೆಯುವವಳ ಜಾಗದಲ್ಲಿ ಸಾವಿರಾರು ಜನ ಬಂದು ಅತ್ತರು. ಅವರು ಬರೆದದ್ದರಲ್ಲಿ ಸ್ವರದ ಮಾತೇ ಇರಲಿಲ್ಲ, ಎಲ್ಲ ಉಸಿರಿನದೇ. ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಸತ್ತ ಸುದ್ದಿ ಹಬ್ಬಿದ್ರೆ ಆಯುಸ್ಸು ಗಟ್ಟಿ ಅಂತಾರೆ ಬಿಡೆ ಪುಟ್ಟಿ” ಎಂದಳು ಅಮ್ಮ.

ಅಪ್ಪ ನಗಲಿಲ್ಲ. ಟೋಪಿಯನ್ನು ಕರೆಸಿ ಉಗಿಯುತ್ತೇನೆ ಎಂದರು. ಅಷ್ಟರಲ್ಲಿ ಒಬ್ಬಾಕೆ ಬರೆದದ್ದು ಓದಿದರು: ‘ನನ್ನ ಮಗು ಹೋದ ಮೇಲೆ ನನಗೆ ನಿದ್ದೆ ಬಂದದ್ದು ಇವತ್ತೇ.’ ಅಪ್ಪ ಫೋನನ್ನು ಬೋರಲು ಹಾಕಿದರು.

“ಇವಳಿಗೆ ಏನಂತ ಹೇಳ್ಲಿ? ನನ್ನ ಮಗಳು ಮೇಲ್ಗಡೆ ತಿಂಡಿ ತಿಂತಾ ಕೂತಿದಾಳೆ ಅಂತಾನಾ?”

ಅಪ್ಪ ಕೊನೆಗೂ ಟೋಪಿಯನ್ನು ಕರೆಸಲಿಲ್ಲ.

ಮಗು ಕಳೆದುಕೊಂಡ ಆಕೆ ಒಂದು ಮಧ್ಯಾಹ್ನ ಅಂಗಡಿಗೇ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ, ಎಲ್ಲೂ ನಿಲ್ಲದ ಕಣ್ಣು. “ಮಗು ಎಲ್ಲಿ ಮಲಗಿತ್ತು?” ಎಂದು ಕೇಳಿದಳು. ಅಪ್ಪ ಕಿಟಕಿಯ ಕೆಳಗಿನ ಬೆಂಚು ತೋರಿಸಿದರು. ಆಕೆ ಅದರ ಮೇಲೆ ಅಂಗೈ ಊರಿ, ಇನ್ನೂ ಬೆಚ್ಚಗಿದೆಯೇ ಎಂದು ನೋಡುವವಳಂತೆ ನಿಂತಳು. ಆಮೇಲೆ ನನ್ನತ್ತ ತಿರುಗಿದಳು.

“ನೀವು?”

ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, “ಇವಳು ಅಂಗಡಿ ನೋಡ್ಕೊಳ್ಳೋಳು” ಎಂದರು. ಅಷ್ಟರಮಟ್ಟಿಗೆ ಅದು ನಿಜವೇ. ನಾನು ತೆರೆದ ಬಾಯಿ ಮುಚ್ಚಿ ಮತ್ತೆ ಚರ್ಮಕ್ಕೆ ಅಂಟು ಸವರತೊಡಗಿದೆ.

ನನ್ನ ಕೋಪವೆಲ್ಲ ಟೋಪಿಯ ಮೇಲೆ ತಿರುಗಿತು. ಅವನು ಮತ್ತೆ ಬಂದಾಗ ಶಾಲೆಯೊಂದರ ಪೆಟ್ಟಿಗೆಯ ಕ್ಯಾಸೆಟ್ಟು ಹಾಕಿ, “ಮಗೂದು ಇನ್ನೊಂದು ಸಿಕ್ತು” ಎಂದೆ. ಅವನು ಕಣ್ಣುಮುಚ್ಚಿದ. “ಅಯ್ಯೋ, ಇಲ್ಲಿ ಇನ್ನೂ ಸ್ಪಷ್ಟವಾಗಿದೆ ಉಸಿರು” ಎಂದು ಎದೆಗೆ ಕೈಯಿಟ್ಟುಕೊಂಡ. ಆಮೇಲೆ ನಿಜವಾದ ಕರಿ ಪೆಟ್ಟಿಗೆಯ ಕ್ಯಾಸೆಟ್ಟಿನಿಂದಲೇ ಸಣ್ಣ ತುಂಡು ಹಾಕಿ, ಮೊನ್ನೆ ರಿಪೇರಿಗೆ ಬಂದ ಪೆಟ್ಟಿಗೆಯದ್ದು ಎಂದೆ. ಫೋನ್ ನೋಡುತ್ತಲೇ ಕೇಳಿ, “ಪರವಾಗಿಲ್ಲ, ಗಾಳಿ ಸದ್ದು ಜಾಸ್ತಿ” ಎಂದ. ನಾನು ನಿಜ ಹೇಳಿ ಚೆನ್ನಾಗಿ ಝಾಡಿಸಿದೆ. ಎದುರಿಗಿರುವವಳೇ ಆ ಮಗು ಎಂದೆ. ಅವನ ಮುಖ ಬಿಳಚಿಕೊಂಡಿತು, ಆದರೆ ಮಾತು ಸೋಲಲಿಲ್ಲ.

“ಕಥೆ ಇಲ್ದೆ ಯಾರೂ ಬಾಗಿಲೇ ತೆಗೆಯಲ್ಲ ಮೇಡಂ. ಒಳಗೆ ಬಂದ್ಮೇಲೆ ಕೇಳೋದು ಸಂಗೀತಾನೇ. ನಾನು ಶಾಲೆ ಪೆಟ್ಟಿಗೇಲಿ ಉಸಿರು ಕೇಳಿದ್ದು ಸುಳ್ಳಲ್ಲ. ಎಲ್ಲದರಲ್ಲೂ ಇದೆಯೇನೋ ಅದು.”

“ಇದೆ” ಎಂದರು ಅಪ್ಪ. ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ನಾವು ನೋಡಿರಲಿಲ್ಲ.

ಅಂದಿನಿಂದ ಅಪ್ಪ ಯಾವ ಪೆಟ್ಟಿಗೆ ಬಂದರೂ ಮೊದಲು ಅದಕ್ಕೆ ಕಿವಿಯಾನಿಸಿ ಕೂರತೊಡಗಿದರು. ರೀಡಿನ ಶ್ರುತಿ ಜಾರಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಕೆಲಸ ಕೆಟ್ಟು ಗಿರಾಕಿಗಳು ವಾಪಸು ತಂದರು, ನಾನು ಕದ್ದು ಸರಿಮಾಡಿ ಕಳಿಸಿದೆ. ಇಲ್ಲದ ನೆನಪುಗಳು ಅವರಿಗೆ ಬರತೊಡಗಿದವು. “ಅವಳಿಗೆ ಗುಡುಗು ಅಂದ್ರೆ ಭಯ” ಎನ್ನುತ್ತಿದ್ದರು. ನನಗೆ ಗುಡುಗೆಂದರೆ ಎಂದೂ ಭಯವಿರಲಿಲ್ಲ. “ಅವಳು ಅಂದ್ರೆ ಯಾರಪ್ಪಾ?” ಎಂದರೆ ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಮೇಲೆ ಮನೆಯಲ್ಲಿ ಎಲ್ಲ ಸರಿಯಾಗಿರುತ್ತಿತ್ತು. ಊಟಕ್ಕೆ ಕೂತಾಗ “ಏ ಪುಟ್ಟಿ, ಉಪ್ಪು ಈ ಕಡೆ ಕೊಡೆ” ಎನ್ನುತ್ತಿದ್ದರು. ಮೆಟ್ಟಿಲಿಳಿದು ಅಂಗಡಿಗೆ ಬಂದರೆ ಒಂದು ದಿನ, “ಸ್ವಲ್ಪ ಆ ಸಣ್ಣ ಅರ ಕೊಡ್ತೀರಾ?” ಎಂದರು. ತಮಾಷೆಗಿರಬೇಕೆಂದು ಮುಖ ನೋಡಿದೆ. ತಮಾಷೆಯ ಸುಳಿವೂ ಇರಲಿಲ್ಲ. ಮಾರನೆಯ ದಿನವೂ ಬಹುವಚನವೇ. ಅಮ್ಮನಿಗೆ ಹೇಳಿದರೆ, “ನಿನ್ನ ಬಾಯಿಗೆ ಹೆದರಿ ಮರ್ಯಾದೆ ಕೊಡ್ತಾ ಇರಬೇಕು” ಎಂದಳು. ಆ ಕೋಣೆಯಲ್ಲಿ ನನ್ನ ಅಪ್ಪನಿಗೆ ನಾನಿಲ್ಲ. ಇದನ್ನು ಯಾರಿಗೆ ಬಿಡಿಸಿ ಹೇಳಲಿ? ನನಗೆ ಹೆದರಿಕೆಯಾಗತೊಡಗಿತು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮೋಟಾರಿಲ್ಲ, ಟೇಪಿಲ್ಲ, ಮೇಲೆ ಹೊಲಿಗೆ ಮೆಷಿನ್ನಿನ ಸದ್ದೂ ಇಲ್ಲ. ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಉಸಿರು ಕೇಳಿಸಿತು. ಎಳೆದುಕೊಳ್ಳುವುದು, ತಡೆಯುವುದು, ಬಿಡುವುದು. ನನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದು ನಿಂತೆ. ಅದು ನಿಲ್ಲಲಿಲ್ಲ. ಓಡಿಹೋಗಬೇಕಿತ್ತು, ಆದರೆ ನನ್ನದೇ ಪಿಶಾಚಿಗೆ ನಾನೇ ಹೆದರಿ ಓಡುವುದೆಂದರೆ ಹೇಗೆ? ಸದ್ದಿನ ಕಡೆಗೆ ನಡೆದೆ. ಮೂಲೆಯ ಕರಿ ಕಾಲ್ಪೆಟ್ಟಿಗೆಯ ಹೊದಿಕೆ ಮೆಲ್ಲಗೆ ಕದಲುತ್ತಿತ್ತು.

ಹೊದಿಕೆ ಎತ್ತಿದೆ. ಅಪ್ಪ ಆಗಷ್ಟೇ ಅದನ್ನು ತುಳಿದು ಹೋಗಿದ್ದರು. ತುಂಬಿದ ತಿದಿ ನಿಧಾನವಾಗಿ ಇಳಿಯುತ್ತಿತ್ತು, ಹಿಂಬದಿಯ ಮಡಿಕೆಯಲ್ಲಿ ಚರ್ಮ ಬೆರಳುದ್ದ ಹರಿದಿತ್ತು, ಅಂಚು ಕಪ್ಪಾಗಿ ಗಟ್ಟಿಯಾದ ಎಷ್ಟೋ ವರ್ಷದ ಹರಕು. ಆ ಹರಕು ತೆರೆದಾಗ ಉಸಿರು, ಮುಚ್ಚಿದಾಗ ಮೌನ. ಅಲ್ಲಿಗೆ ಆ ಕ್ಯಾಸೆಟ್ಟಿನಲ್ಲಿ ಮಗುವೇ ಇರಲಿಲ್ಲ! ನನಗೆ ಅಳು ಬರುವಷ್ಟು ಖುಷಿಯಾಯಿತು. ಇದನ್ನು ಕಿವಿಯಾರೆ ಕೇಳಿದರೆ ಅಪ್ಪ ನನಗೆ ವಾಪಸು ಸಿಗುತ್ತಾರೆ ಎಂದುಕೊಂಡೆ.

ಕರೆದು ತೋರಿಸಿದೆ. “ಅಪ್ಪಾ, ನೋಡಿ. ಉಸಿರಲ್ಲ, ತಿದಿ ಹರಿದಿದೆ.”

ಅಪ್ಪ ಮಂಡಿಯೂರಿ ಬೆರಳಿನಿಂದ ಹರಕನ್ನು ಮುಟ್ಟಿ ನೋಡಿದರು. “ಹೌದು, ಹರಿದಿದೆ” ಎಂದರು. ಆ ದನಿ ಹಳೆಯ ಅಪ್ಪನದು. ಸ್ಟೌ ಹಚ್ಚಿದರು. ತೆಳ್ಳನೆಯ ಚರ್ಮ ಆರಿಸಿ, ಅಂಚು ಕೆತ್ತಿ, ಅಂಟು ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಎಷ್ಟೋ ದಿನಗಳ ಮೇಲೆ ಅವರು ಮೊದಲಿನಂತೆ ಕೆಲಸ ಮಾಡಿದ್ದನ್ನು ಕಂಡೆ. ಅಂಟು ಒಣಗಿತು. ಆಮೇಲೆ ಅವರು ತಿದಿ ತುಳಿದು ಎರಡು ಮನೆ ಒತ್ತಿದರು. ಶುದ್ಧವಾದ ಸ್ವರ, ಅದರ ಹಿಂದೆ ಏನೂ ಇಲ್ಲ. ಚಿಕ್ಕಂದಿನಲ್ಲಿ ನಾನು ಕೇಳುತ್ತಿದ್ದುದು ಅದೇ. ಆದರೆ ಈಗ ನನ್ನ ಕಿವಿಯೂ ಆ ಏನೂ ಇಲ್ಲದ ಜಾಗವನ್ನೇ ಹುಡುಕುತ್ತಿತ್ತು.

ಅಪ್ಪ ಕಾಲು ತೆಗೆದರು. ಪೆಟ್ಟಿಗೆಯ ಮೇಲೆ ತಲೆಯಿಟ್ಟು ಆಲಿಸಿದರು, ಮತ್ತೆ ಆಲಿಸಿದರು. ತಲೆ ಎತ್ತಿದಾಗ ಮುಖ ಒದ್ದೆಯಾಗಿತ್ತು.

“ಹೋಯ್ತು” ಎಂದರು. “ಇಷ್ಟು ದಿನ ಇತ್ತು. ಈಗ ನಿಂತುಹೋಯ್ತು.”

“ಅಪ್ಪಾ, ನಾನು ಇಲ್ಲೇ ಇದೀನಿ.”

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ದುಃಖದಲ್ಲಿ ನೆರವಿಗೆ ಬಂದ ಅಪರಿಚಿತರ ಕೈ ಹಿಡಿಯುತ್ತಾರಲ್ಲ, ಹಾಗೆ. “ನೀವು ಇದ್ದದ್ದು ಒಳ್ಳೇದಾಯ್ತು. ಅವಳ ಅಮ್ಮಂಗೆ ಮಾತ್ರ ಹೇಳ್ಬೇಡಿ. ತಡ್ಕೊಳ್ಳಲ್ಲ ಅವಳು.”

ಆಗ ಮೇಲಿನಿಂದ ಅಮ್ಮನ ದನಿ ಬಂತು. “ಪುಟ್ಟೀ, ಊಟಕ್ಕೆ ಬಾರೇ!”

ಓಗೊಡಬೇಕೆಂದು ಬಾಯಿ ತೆರೆದೆ. ಅಮ್ಮ ಇನ್ನೊಮ್ಮೆ ಕೂಗಿದಳು. ಅಪ್ಪ ಮೆಟ್ಟಿಲ ಕಡೆ ನೋಡಿ, ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮೆಲ್ಲಗೆ ಹೇಳಿದರು:

“ಪಾಪ, ಇನ್ನೂ ಕರೀತಾಳೆ ನೋಡಿ.”