ಮೇಲಿನ ಚೀಲದ ಭತ್ತ

ಅಣ್ಣನ ಎಡದವಡೆಯ ಎರಡು ಹಲ್ಲು ಸವೆದು ಗುಳಿಬಿದ್ದಿದ್ದವು. ಆ ಹಲ್ಲುಗಳ ಬಗ್ಗೆ ಬರೆಯಬೇಕೆಂದುಕೊಂಡು ವರ್ಷಗಟ್ಟಲೆ ಮುಂದೂಡಿದೆ. ಇನ್ನು ಮುಂದೂಡಲೂ ದಣಿವಾಗುತ್ತದೆ.

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ನಾನು ಸೂಪರ್‌ವೈಸರ್, ಅವನು ಭತ್ತ ನೋಡುವವನು. ಒಡಹುಟ್ಟಿದವನಲ್ಲ, ವಯಸ್ಸಿನಲ್ಲಿ ದೊಡ್ಡವನೆಂದು ಅಣ್ಣ ಎನ್ನುತ್ತಿದ್ದೆ. ಲಾರಿ ಬಂದರೆ ಅಡಿಯ ಚೀಲಕ್ಕೆ ಕೊಳವೆ ಚುಚ್ಚಿ, ಒಂದು ಕಾಳು ತೆಗೆದು ಆ ಗುಳಿಯಲ್ಲಿಟ್ಟು ಕಚ್ಚುತ್ತಿದ್ದ. ಕಟಕ್ಕೆಂದು ಮುರಿದರೆ ಒಣಗಿದೆ, ಅವಲಕ್ಕಿಯಂತೆ ಚಪ್ಪಟೆಯಾದರೆ ಹಸಿ. “ಮ್ಯಾಲಿನ ಚೀಲ ಬೀಗರ ಮುಂದಿನ ಮಾತಿದ್ದಂಗ, ನಂಬಬ್ಯಾಡ” ಎನ್ನುವನು.

ಸಾವುಕಾರರು ಎಐ ಮಷೀನು ತರಿಸಿದರು. ಹಿಡಿ ಭತ್ತ ಹಾಕಿದರೆ ನೋಡಿ, ಒಣಗಿದ್ದರೆ ಹಸಿರು ದೀಪ, ಹಸಿಯಿದ್ದರೆ ಕೆಂಪು ದೀಪ ತೋರಿಸುತ್ತಿತ್ತು. ಎಲ್ಲ ಸಾಲಿನ ಚೀಲಗಳಿಂದಲೂ ಭತ್ತ ತೆಗೆದು ಹಾಕಬೇಕೆಂದು ನನಗೆ ಹೇಳಿಕೊಟ್ಟಿದ್ದರು. ಸುಗ್ಗಿಯಲ್ಲೊಂದು ದಿನ ಲಾರಿಗಳು ಸಾಲುಗಟ್ಟಿದ್ದವು, ಡ್ರೈವರುಗಳು “ಜಲ್ದಿ ಮಾಡ್ರಿ” ಎಂದು ಕೂಗುತ್ತಿದ್ದರು. ನಾನು ಮೇಲಿನ ಚೀಲದ್ದಷ್ಟೇ ಹಾಕಿದೆ. ಹಸಿರು ಬಂತು.

ಅಣ್ಣ ಕಾಳು ಕಚ್ಚಿ ಉಗುಳಿದ. “ತಮ್ಮಾ, ಅಡಿಯಾಗ ಹಸಿ ಐತಿ. ಇಳಿಸಬ್ಯಾಡ.”

“ಮಷೀನು ಹಸಿರು ತೋರ್ಸೈತಲ್ಲ. ನಿನ್ನ ಹಲ್ಲಿಗೆ ವಯಸ್ಸಾತು, ಹೊಸಾವು ಹಾಕ್ಸು” ಎಂದೆ. ಹಮಾಲರು ನಕ್ಕರು.

ಅವನೂ ನಕ್ಕ. “ಹಾಕ್ಸಬೌದು. ಅವಕ್ಕ ಕಚ್ಚಾಕ ಕಲಿಸೋರ್ ಯಾರಲೇ?”

ಭತ್ತ ಇಳಿಸಿದೆವು. ಕೆಲವೇ ದಿನಗಳಲ್ಲಿ ಗೋದಾಮಿನಲ್ಲಿ ಕಾವು ಏರಿ, ಮುಗ್ಗಲು ವಾಸನೆ ಎದ್ದು, ಕಾಳು ಹಳದಿಯಾಯಿತು. “ಇದನ್ನ ಯಾರು ಪಾಸ್ ಮಾಡಿದ್ದು?” ಎಂದರು ಸಾವುಕಾರರು. ಮಷೀನು ಎಂದು ಹೇಳಿದರೆ, ಅದಕ್ಕೆ ಭತ್ತ ಹಾಕಿದ್ದು ಯಾರೆಂಬ ಪ್ರಶ್ನೆ ಬರುತ್ತಿತ್ತು. ಪಕ್ಕದಲ್ಲೇ ನಿಂತಿದ್ದವನ ಕಡೆ ಕೈ ಮಾಡಿ, “ಇವನೇ ನೋಡಿದ್ದ್ರಿ” ಎಂದೆ.

ಅಣ್ಣ ನನ್ನನ್ನು ನೋಡಿದ. “ಆತು ಬಿಡ್ರಿ ಸಾವ್ಕಾರ್ರ” ಎಂದು ಹೆಗಲಿನ ಟವೆಲ್ ಕೊಡವಿಕೊಂಡು ಹೊರಟುಹೋದ. ಸುದ್ದಿ ಹರಡಿತು. ಆಮೇಲೆ ಊರಿನ ಯಾವ ಗಿರಣಿಯವರೂ ಅವನನ್ನು ಕರೆಯಲಿಲ್ಲ. ಕಡೆಗೆ ಕಡ್ಡಿರಾಂಪುರದ ಹೋಂಸ್ಟೇ ಒಂದರ ಗೇಟು ಕಾದ. ಒಮ್ಮೆ ನಾನು ಹಂಪಿಗೆ ಆಟೋದಲ್ಲಿ ಹೋಗುವಾಗ ಗೇಟಿನಿಂದಲೇ ಕಂಡು ಕೈಯೆತ್ತಿದ. ನಾನು ಮೊಬೈಲ್ ನೋಡುವವನಂತೆ ತಲೆ ತಗ್ಗಿಸಿದೆ.

ಈಗ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಸೊಸೆ ರಾತ್ರಿ ಏನು ಅಡುಗೆ ಮಾಡಬೇಕೆಂಬುದನ್ನೂ ಮೊಬೈಲನ್ನೇ ಕೇಳುತ್ತಾಳೆ. ಮನೆಯಲ್ಲಿರುವ ತರಕಾರಿ ಹೇಳಿದರೆ ಸರಿಯಾಗಿಯೇ ಹೇಳುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟದ್ದನ್ನು ನೋಡಿ ಹೇಳುತ್ತದೆ, ಅಷ್ಟೇ. ಏನು ಕೊಡಬೇಕು, ಏನನ್ನು ಬಿಡಬೇಕು ಎನ್ನುವುದು ನಮ್ಮ ಕೈಯಲ್ಲೇ ಇರುತ್ತದೆ.

ಅಣ್ಣ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅವನ ಹೆಂಡತಿ ನನ್ನ ಕೈ ಹಿಡಿದು, “ನೀವ್ ಅಲ್ಲೇ ಇದ್ರಿ. ಅವತ್ತು ತಪ್ಪು ಇವ್ರದಾ?” ಎಂದು ಕೇಳಿದಳು.

“ಇಲ್ಲವ್ವಾ, ಮಷೀನಿಂದು” ಎಂದೆ.

ಅವಳಿಗೆ ಎಷ್ಟೋ ಸಮಾಧಾನವಾಯಿತು. “ದೇವ್ರು ನಿಮ್ಗ ಒಳ್ಳೇದ್ ಮಾಡ್ಲಿ” ಎಂದಳು. ಆ ಹಾರೈಕೆ ಹೊತ್ತುಕೊಂಡೇ ಮನೆಗೆ ಬಂದೆ. ಮಷೀನಿನದೂ ತಪ್ಪಿರಲಿಲ್ಲ. ಮೇಲಿನ ಚೀಲದ ಭತ್ತ ಹಾಕಿದವನು ನಾನು. ಎರಡು ಸಲವೂ ಅದನ್ನು ಹೇಳದೆ ಉಳಿದವನೂ ನಾನು. ತಪ್ಪಾಯಿತು ಎಂದು ನನ್ನಿಂದ ಒಮ್ಮೆಯೂ ಹೇಳಲಾಗದೆ ಹೋದದ್ದು ಅವನಿಗೆ, ನಮ್ಮ ಗಿರಣಿಯಲ್ಲಿ ಭತ್ತ ಕಚ್ಚಿ ನೋಡುತ್ತಿದ್ದ ಆ ಅಣ್ಣನಿಗೆ.